ಹೊಟ್ಟೆ ಬಿಗಿ ಹಿಡಿಯಿರಿ ಎನ್ನದೆ ಪಿಲಾಟಿಸ್ ಕಲಿಸುವುದು

ನಾನು ಕಲಿಸುವುದು ಪಿಲಾಟಿಸ್, ಅಂದರೆ ಉಸಿರಿನ ಜೊತೆ ಬೆನ್ನು, ಹೊಟ್ಟೆಗಳನ್ನು ಹತೋಟಿಯಲ್ಲಿ ಆಡಿಸುವ ವ್ಯಾಯಾಮ ಪದ್ಧತಿ. ತರಗತಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಕೊಡುವ ಕೆಲಸ ಇಷ್ಟೆ: ನೆಲದ ಮೇಲೆ ಕೂತು, ಮಲಗಿ, ಮತ್ತೆ ಎದ್ದು ನಿಲ್ಲಿ. ಹೇಗೆ ಎಂದು ಹೇಳುವುದಿಲ್ಲ. ಒಂದು ನಿಮಿಷದ ಕೆಲಸ, ಆದರೆ ನೋಡುವುದಕ್ಕೆ ಬಹಳ ಇರುತ್ತದೆ. ಯಾವ ಕೈ ಮೊದಲು ನೆಲಕ್ಕೆ ಊರಿತು, ಏಳುವಾಗ ಉಸಿರು ಕಟ್ಟಿದರೇ, ಪಕ್ಕಕ್ಕೆ ಹೊರಳಿ ಎದ್ದರೇ ಇಲ್ಲ ಕತ್ತನ್ನು ಮುಂದಕ್ಕೆ ಜಗ್ಗಿ ನೇರ ಎದ್ದರೇ. ‘ಬಲ ಮಗ್ಗುಲಿಗೆ ಹೊರಳಿ ಏಳು’ ಎಂದು ಮನೆಯ ಹಿರಿಯರು ಹೇಳಿಕೊಟ್ಟದ್ದು ಮೈಯಲ್ಲಿ ಉಳಿದಿದ್ದರೆ ಅವರಿಗೆ ಬೆನ್ನು ತಿರುಗಿಸುವುದನ್ನು ಮೊದಲಿಂದ ಕಲಿಸಬೇಕಾಗಿಲ್ಲ. ಹೊರಳುವಾಗ ಕಣ್ಣು, ತಲೆ, ಪಕ್ಕೆ, ಸೊಂಟ ಒಂದರ ಹಿಂದೆ ಒಂದು ತಿರುಗುತ್ತವೆ. ಪಿಲಾಟಿಸ್‌ನ ತಿರುವಿನ ವ್ಯಾಯಾಮಗಳಿಗೆ ಬೇಕಾದ ಕ್ರಮ ಅದೇ.

ಸ್ನಾಯುವಿಗೆ ಆಜ್ಞೆ ಕೊಡುವುದಕ್ಕಿಂತ ಮೈಗೆ ಕೆಲಸ ಕೊಡುವುದು ನನ್ನ ಪದ್ಧತಿ. ಕೆಲಸ ಸರಿಯಾಗಿ ಆಗದಿದ್ದರೆ ಮಾತು ಹೆಚ್ಚಿಸುವುದಿಲ್ಲ. ಜೋಡಣೆ ಬದಲಿಸುತ್ತೇನೆ: ಮಡಚಿದ ಟವೆಲ್, ಹಿಮ್ಮಡಿಯ ದೂರ, ವ್ಯಾಯಾಮ ಯಂತ್ರದ ಸ್ಪ್ರಿಂಗಿನ ಭಾರ, ಚಲನೆಯ ವೇಗ. ಇದಕ್ಕೆ ಗಟ್ಟಿ ಆಧಾರವಿದೆ. 1920ರ ದಶಕದಲ್ಲಿ ಮಾಸ್ಕೋದಲ್ಲಿ ಮೈಯ ಚಲನೆಯನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಅವರು ಪಳಗಿದ ಕೆಲಸಗಾರರು ಸುತ್ತಿಗೆಯಿಂದ ಉಳಿಗೆ ಹೊಡೆಯುವುದನ್ನು ಚಿತ್ರೀಕರಿಸಿ ಅಳೆದರು. ಏಟು ಪ್ರತಿ ಸಲವೂ ಸರಿಯಾದ ಜಾಗಕ್ಕೇ ಬೀಳುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟು ಸಾಗಿದ ದಾರಿ ಒಂದೊಂದು ಏಟಿಗೂ ಬೇರೆಯಾಗಿತ್ತು. ಕೆಲಸ ಗೊತ್ತಿದ್ದರೆ ಕೀಲುಗಳು ತಮ್ಮೊಳಗೇ ಹೊಂದಿಸಿಕೊಳ್ಳುತ್ತವೆ. ಪ್ರತಿ ಕೀಲಿಗೂ ಒಂದೇ ದಾರಿ ಗೊತ್ತುಮಾಡಿ ಕೊಟ್ಟರೆ ಆ ಹೊಂದಾಣಿಕೆ ನಡೆಯಲು ಜಾಗವೇ ಉಳಿಯುವುದಿಲ್ಲ.

ಈ ಪದ್ಧತಿಯನ್ನು ರೂಪಿಸಿದ ಜೋಸೆಫ್ ಪಿಲಾಟಿಸ್ 1945ರ ತಮ್ಮ ಪುಸ್ತಕದಲ್ಲಿ ಕೊಟ್ಟ 34 ಮ್ಯಾಟ್ ವ್ಯಾಯಾಮಗಳ ಹೆಸರುಗಳನ್ನು ಗಮನಿಸಿ: ಗರಗಸ, ಹಂಸ, ಸೀಲ್, ಏಡಿ, ಈಜು, ಹಿಂದಕ್ಕೆ ಉರುಳುವುದು. ಒಂದರಲ್ಲೂ ಸ್ನಾಯುವಿನ ಹೆಸರಿಲ್ಲ, ಹಲವು ಕೆಲಸದ, ವಸ್ತುವಿನ ಅಥವಾ ಪ್ರಾಣಿಯ ಹೆಸರುಗಳು. ಗರಗಸದಲ್ಲಿ ಒಂದು ಕೈಯ ಕಿರುಬೆರಳು ಎದುರು ಕಾಲಿನ ಕಿರುಬೆರಳನ್ನು ಕೊಯ್ಯುವಂತೆ ಆಚೆಗೆ ಸಾಗಬೇಕು. ಇಷ್ಟು ಹೇಳಿದರೆ ಬೆನ್ನು ತಾನೇ ತಿರುಗಿ ತಾನೇ ಬಾಗುತ್ತದೆ.

ಇನ್ನು ಹೊಟ್ಟೆಯ ವಿಷಯ. ‘ಹೊಕ್ಕುಳನ್ನು ಬೆನ್ನೆಲುಬಿಗೆ ಎಳೆಯಿರಿ’ ಎಂಬ ಸೂಚನೆ ಪಿಲಾಟಿಸ್ ಕೋಣೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. 1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಪ್ರಕಟಿಸಿದ ಅಧ್ಯಯನ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಆ ಅಧ್ಯಯನ ಕಂಡದ್ದು ಏನು? ಬೆನ್ನುನೋವಿಲ್ಲದವರು ಕೈ ಎತ್ತುವ ಮೊದಲೇ ಹೊಟ್ಟೆಯ ಒಳಪದರದ ಅಡ್ಡ ಸ್ನಾಯು ಕೆಲಸ ಶುರುಮಾಡುತ್ತದೆ, ನೋವಿದ್ದವರಲ್ಲಿ ತಡವಾಗುತ್ತದೆ. ಕೈ ಎತ್ತಿ ಎಂದಷ್ಟೇ ಹೇಳಿದ್ದಕ್ಕೆ ಆ ಸ್ನಾಯು ಎಚ್ಚರಗೊಂಡಿತ್ತು, ಹೊಟ್ಟೆ ಎಳೆಯಿರಿ ಎಂದು ಯಾರೂ ಹೇಳಿರಲಿಲ್ಲ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಈ ಭಾಗವೇ.

ಬಲವಂತವಾಗಿ ಹೊಟ್ಟೆ ಎಳೆದರೆ ಕೆಳಗಿನ ಪಕ್ಕೆಲುಬುಗಳು ಬಿಗಿಯುತ್ತವೆ. ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಇಳಿಯಲು ಜಾಗ ಸಿಗುವುದಿಲ್ಲ, ಉಸಿರು ಕತ್ತಿನ ಬುಡಕ್ಕೆ ಏರುತ್ತದೆ, ಒತ್ತಡ ಕೆಳಗೆ ಮೂತ್ರಕೋಶದ ಕಡೆಗೆ ಹೋಗುತ್ತದೆ. ಹೆರಿಗೆಯಾದ ಮೇಲೆ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವವರಿಗೆ ಈ ಸೂಚನೆಯಿಂದ ತೊಂದರೆ ಹೆಚ್ಚಬಹುದು. ಅದರ ಬದಲು ನಾನು ಮಾಡಿಸುವುದು ಹೀಗೆ. ಬೆನ್ನ ಮೇಲೆ ಮಲಗಿ ಮಂಡಿ ಮಡಚಬೇಕು, ಪಾದಗಳ ನಡುವೆ ಒಂದು ಗೇಣು ಅಂತರ. ಗದ್ದ ಮೇಲಕ್ಕೆ ಎದ್ದಿದ್ದರೆ ತಲೆಯ ಕೆಳಗೆ 2ರಿಂದ 3 ಸೆಂಟಿಮೀಟರ್ ದಪ್ಪಕ್ಕೆ ಮಡಚಿದ ಟವೆಲ್. ಒಂದು ಕೈ ಕಿಬ್ಬೊಟ್ಟೆಯ ಮೇಲೆ. ಊದುಗೊಳವೆಯಲ್ಲಿ ಕೆಂಡ ಊದಿದಂತೆ, ತುಟಿ ಸಣ್ಣದು ಮಾಡಿ 6 ಎಣಿಕೆಯವರೆಗೆ ನಿಧಾನವಾಗಿ ಉಸಿರು ಬಿಡಬೇಕು. ನಾಲ್ಕನೆಯ ಐದನೆಯ ಎಣಿಕೆಗೆ ಕೈಯ ಕೆಳಗೆ ಹೊಟ್ಟೆ ಮೆಲ್ಲಗೆ ಚಪ್ಪಟೆಯಾಗಿ ಗಟ್ಟಿಯಾಗುವುದು ಅವರಿಗೇ ತಿಳಿಯುತ್ತದೆ. ಬೇಕಾದ ಬಿಗಿ ಅಷ್ಟೆ. ಉಸಿರು ತಾನಾಗಿ ಒಳಗೆ ಬರಲಿ, ಎಳೆದುಕೊಳ್ಳಬೇಡಿ ಎನ್ನುತ್ತೇನೆ. 5 ಉಸಿರು ಸಾಕು. ಹೆಚ್ಚು ಮಾಡಿಸಿದರೆ ಕೆಲವರಿಗೆ ತಲೆ ಹಗುರಾಗುತ್ತದೆ.

ಕನ್ನಡದಲ್ಲಿ ಕಲಿಸುವವರಿಗೆ ಒಂದು ಅನುಕೂಲವಿದೆ. ನಮ್ಮ ದಿನಬಳಕೆಯ ಕ್ರಿಯಾಪದಗಳೇ ಒಳ್ಳೆಯ ಸೂಚನೆಗಳು: ಇಣುಕು, ಎಟುಕಿಸು, ಒರಗು, ಹೊರಳು, ಜಾರು. ಇಂಗ್ಲಿಷ್ ಕೈಪಿಡಿಯ ವಾಕ್ಯಗಳನ್ನು ಅನುವಾದಿಸುವ ಗೋಜಿಗೆ ಹೋಗಬೇಡಿ. ಮಲಗಿ, ತಲೆ ಎತ್ತಿ, ಕೈಗಳನ್ನು ಮೇಲೆ ಕೆಳಗೆ ಆಡಿಸುವ ‘ಹಂಡ್ರೆಡ್’ ವ್ಯಾಯಾಮದಲ್ಲಿ ತಲೆ ಎತ್ತಿಸುವಾಗ ನಾನು ‘ಮಂಡಿಯ ಆಚೆ ಏನಿದೆ ಇಣುಕಿ ನೋಡಿ’ ಎನ್ನುತ್ತೇನೆ. ಕಣ್ಣು ಮುಂದೆ ಹೋದರೆ ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳು ಅದನ್ನು ಹಿಂಬಾಲಿಸುತ್ತವೆ, ಎದೆಯ ಹಿಂದಿನ ಬೆನ್ನು ಬಾಗುತ್ತದೆ. ‘ಗದ್ದ ಒಳಗೆ, ತಲೆ ಮೇಲೆ’ ಎಂದರೆ ಬರೀ ಕತ್ತು ಬಾಗುತ್ತದೆ. ತಲೆಯ ತೂಕ 4.5ರಿಂದ 5 ಕಿಲೋ, ಅಷ್ಟನ್ನೂ ಕತ್ತಿನ ಮುಂಭಾಗ ಒಂದೇ ಹೊರಬೇಕಾಗುತ್ತದೆ. ಹಂಡ್ರೆಡ್ ಎಂದರೆ 5 ಎಣಿಕೆ ಉಸಿರು ಒಳಗೆ, 5 ಹೊರಗೆ, ಹೀಗೆ 10 ಸುತ್ತು. ಹೊಸಬರಿಗೆ ನಾನು 3 ಅಥವಾ 4 ಸುತ್ತಿಗೇ ನಿಲ್ಲಿಸುತ್ತೇನೆ. ಕತ್ತು ನಡುಗಿದರೆ ತಲೆ ಕೆಳಗಿಟ್ಟು ಕೈ ಮಾತ್ರ ಆಡಿಸಲಿ. ಎದೆಯ ಹಿಂದಿನ ಬೆನ್ನು ಮೆತ್ತಗಾಗಲು ಕೆಲವು ವಾರ ಬೇಕು.

ಭುಜದ ವಿಷಯದಲ್ಲಿ ತಪ್ಪು ಸೂಚನೆ ನಿಜವಾಗಿಯೂ ಹಾನಿ ಮಾಡುತ್ತದೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಕೈಯನ್ನು ಪೂರ್ತಿ ತಲೆಯ ಮೇಲಕ್ಕೆ, ಅಂದರೆ 180 ಡಿಗ್ರಿ ಎತ್ತುವಾಗ ಸುಮಾರು 120 ಡಿಗ್ರಿ ತೋಳಿನ ಕೀಲಿನಲ್ಲಿ ಆಗುತ್ತದೆ. ಉಳಿದ 60 ಡಿಗ್ರಿ ಬೆನ್ನ ಮೇಲಿನ ಹೆಗಲೆಲುಬು ಮೇಲ್ಮುಖವಾಗಿ ತಿರುಗಿ ಕೊಡಬೇಕಾದದ್ದು. ‘ಭುಜ ಕೆಳಗೆ, ಕಿವಿಯಿಂದ ದೂರ’ ಎಂದು ಎಳೆಸಿ ಹಿಡಿಸಿದರೆ ಆ ಎಲುಬು ತಿರುಗುವುದಿಲ್ಲ. ಕೈ ಮಾತ್ರ ಏರುತ್ತದೆ, ಭುಜದ ತುದಿಯಲ್ಲಿ ಚುಚ್ಚುತ್ತದೆ. ಕೆಲವರು ಅದನ್ನು ತಪ್ಪಿಸಿಕೊಳ್ಳಲು ಪಕ್ಕೆಲುಬುಗಳನ್ನು ಮುಂದಕ್ಕೆ ಉಬ್ಬಿಸಿ ನಡುವನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ. ಆಗ ಪಕ್ಕೆ ಒಳಗೆ ತನ್ನಿ ಎಂದು ಇನ್ನೊಂದು ಸೂಚನೆ ಕೊಟ್ಟರೆ ಗಂಟಿನ ಮೇಲೆ ಗಂಟು. ‘ಅಟ್ಟದ ಮೇಲಿನ ಡಬ್ಬ ಎಟುಕಿಸಿಕೊಳ್ಳಿ’ ಎಂದರೆ ಹೆಗಲೆಲುಬು ತಿರುಗುತ್ತದೆ, ಪಕ್ಕೆ ಉದ್ದವಾಗುತ್ತದೆ, ಹಿಮ್ಮಡಿಯೂ ಹಗುರಾಗುತ್ತದೆ. ಮೊದಲು ನಿಂತು ಮಾಡಿಸಿ, ಆಮೇಲೆ ಮಲಗಿಸಿ.

ಸೇತುವೆಯಂತೆ ಸೊಂಟ ಎತ್ತುವ ವ್ಯಾಯಾಮದಲ್ಲಿ ಸಾಮಾನ್ಯ ದೂರು ತೊಡೆಯ ಹಿಂಭಾಗ ಹಿಡಿದುಕೊಳ್ಳುವುದು. ಹಿಮ್ಮಡಿ ದೂರವಿದ್ದರೆ ಆ ಸ್ನಾಯುವೇ ಹೆಚ್ಚು ಭಾರ ಹೊರುತ್ತದೆ. ಕೈ ಚಾಚಿದರೆ ನಡುಬೆರಳು ಹಿಮ್ಮಡಿಗೆ ತಾಗುವಷ್ಟು ಹತ್ತಿರ ತನ್ನಿ. ‘ಪೃಷ್ಠ ಬಿಗಿ ಮಾಡಿ’ ಎನ್ನುವುದರ ಬದಲು ‘ಪಾದದಿಂದ ನೆಲ ಒತ್ತಿ, ಮಂಡಿಗಳನ್ನು ಎದುರು ಗೋಡೆಯತ್ತ ಕಳಿಸಿ’ ಎನ್ನಿ. ಎತ್ತರಕ್ಕೆ ಆಸೆ ಬೇಡ, ಪಕ್ಕೆಲುಬು ಉಬ್ಬುವುದಕ್ಕೆ ಮೊದಲೇ ನಿಲ್ಲಿಸಿ.

ರೋಲ್ ಅಪ್‌ನಲ್ಲಿ, ಅಂದರೆ ಕಾಲು ಚಾಚಿ ಅಂಗಾತ ಮಲಗಿದಲ್ಲಿಂದ ಬೆನ್ನು ಸುರುಳಿಯಂತೆ ಬಾಗಿಸಿ ಎದ್ದು ಕೂರುವುದರಲ್ಲಿ, ಸಿಕ್ಕಿಬೀಳುವವರೇ ಬಹಳ. ಅರ್ಧಕ್ಕೆ ಬಂದು ಕಾಲು ಮೇಲೇಳುತ್ತದೆ, ಕೊನೆಗೆ ಜಗ್ಗಿ ಎದ್ದು ಕೂರುತ್ತಾರೆ. ಬಲ ಸಾಲದು ಎಂದು ಹೊಟ್ಟೆಯ ವ್ಯಾಯಾಮ ಹೆಚ್ಚಿಸುವುದು ಇದಕ್ಕೆ ಉತ್ತರವಲ್ಲ. ಎರಡು ಕಾರಣಗಳನ್ನು ಹುಡುಕಿ. ಒಂದು, ಸೊಂಟದ ಬೆನ್ನು ಗುಂಡಗೆ ಬಾಗದೆ ಹಲಗೆಯಂತೆ ಏಳುತ್ತಿದೆಯೇ? ಎರಡು, ಕಾಲಿಗಿಂತ ಸೊಂಟದ ಮೇಲಿನ ಮೈ ಭಾರವೇ? ಗಂಡಸರಲ್ಲಿ ಅಗಲ ಎದೆ, ತೆಳು ಕಾಲು ಇದ್ದವರಿಗೆ ಇದು ಬರೀ ತಕ್ಕಡಿಯ ಲೆಕ್ಕ. ಪಾದದ ಮೇಲೆ 1ರಿಂದ 2 ಕಿಲೋ ಮರಳಿನ ಚೀಲ ಇಟ್ಟರೆ ಆ ಕ್ಷಣವೇ ವ್ಯತ್ಯಾಸ ಕಾಣುತ್ತದೆ. ಬೆನ್ನು ಬಾಗದವರಿಗೆ ಕೆಳಗಿನಿಂದ ಶುರುಮಾಡಿಸಬೇಡಿ. ಕುಳಿತು, ತೊಡೆಯ ಹಿಂಭಾಗ ಹಿಡಿದು, ಆರಾಮ ಕುರ್ಚಿಗೆ ಒರಗುವಂತೆ ಕಾಲುಭಾಗ ಮಾತ್ರ ಹಿಂದಕ್ಕೆ ಹೋಗಿ ವಾಪಸು ಬರಲಿ, 6 ಸಲ. ಮುಂದಿನ ವಾರ ಅರ್ಧ. ಹಿಂದೆ ಗಟ್ಟಿ ದಿಂಬು ಇಟ್ಟು ಇಳಿಜಾರಿನಿಂದ ಏಳಿಸುವುದೂ ಒಳ್ಳೆಯದು. ಪೂರ್ತಿ ರೋಲ್ ಅಪ್ ಕೆಲವರಿಗೆ ಯಾವತ್ತೂ ಬೇಕಾಗುವುದಿಲ್ಲ. ಅದು ಬರದಿದ್ದರೆ ಏನೂ ಕೆಡುವುದಿಲ್ಲ.

ಕೂತು ತಿರುಗುವಾಗ ‘ಸೊಂಟ ಒಂದಿಷ್ಟೂ ಅಲುಗಬಾರದು’ ಎಂಬ ನಿಯಮವನ್ನು ನಾನು ಪಾಲಿಸುವುದಿಲ್ಲ. ಬೆನ್ನೆಲುಬಿನ ಕೆಳಭಾಗದ 5 ಮಣಿಗಳ ಕೀಲುಗಳ ಆಕಾರವೇ ತಿರುಗುವುದಕ್ಕೆ ಹೆಚ್ಚು ಎಡೆ ಕೊಡುವುದಿಲ್ಲ. ಎದೆಯ ಹಿಂದಿನ 12 ಮಣಿಗಳು ಕೊಡುತ್ತವೆ. ಸೊಂಟವನ್ನು ಮೊಳೆ ಹೊಡೆದಂತೆ ನಿಲ್ಲಿಸಿ ಜೋರಾಗಿ ತಿರುಗಿಸಿದರೆ ಎಳೆತ ಬೀಳುವುದು ಬೆನ್ನಿನ ಬುಡಕ್ಕೆ. ಹಿಂದೆ ಕೂತವರನ್ನು ನೋಡಿ ಎಂದರೆ ಒಂದು ಪೃಷ್ಠದ ಮೇಲೆ ಸ್ವಲ್ಪ ಭಾರ ಜಾರುತ್ತದೆ, ಜಾರಲಿ. ಕಾಲು ಚಾಚಿ ಕೂರಲು ಬೆನ್ನು ಕುಸಿಯುವವರಿಗೆ 8ರಿಂದ 10 ಸೆಂಟಿಮೀಟರ್ ಎತ್ತರಕ್ಕೆ ಕಂಬಳಿ ಮಡಚಿ ಕೊಡಿ, ಇಲ್ಲವೆ ಚಕ್ಕಳಮಕ್ಕಳ ಹಾಕಿಸಿ.

ರಿಫಾರ್ಮರ್ ಎಂದರೆ ಸ್ಪ್ರಿಂಗುಗಳಿಗೆ ಕಟ್ಟಿದ ಹಲಗೆ (ಕ್ಯಾರೇಜ್) ಹಿಂದೆ ಮುಂದೆ ಜಾರುವ ಪಿಲಾಟಿಸ್ ಯಂತ್ರ. ಅದರಲ್ಲಿ ಯಂತ್ರವೇ ಅರ್ಧ ಮೇಷ್ಟ್ರು. ಫುಟ್‌ಬಾರ್ ಎಂಬ ಅಡ್ಡ ಸರಳಿನ ಮೇಲೆ ಕಾಲಿಟ್ಟು ತಳ್ಳುವಾಗ ನನ್ನ ಸೂಚನೆ ಒಂದೇ: ‘ಕ್ಯಾರೇಜ್ ವಾಪಸು ಬರುವಾಗ ಸದ್ದಾಗಬಾರದು.’ ಸದ್ದು ತಡೆಯಲು ಹೋದವರು ತಾವಾಗಿಯೇ ಮಂಡಿಯನ್ನು ಹತೋಟಿಯಲ್ಲಿ ಮಡಚುತ್ತಾರೆ, ಉಸಿರೂ ನಿಧಾನವಾಗುತ್ತದೆ. ಸ್ಪ್ರಿಂಗ್ ಕಡಿಮೆ ಎಂದರೆ ಸುಲಭ ಎಂದು ತಿಳಿಯಬೇಡಿ. ನಿಂತು ಮಾಡುವಾಗ ಹಗುರ ಸ್ಪ್ರಿಂಗಿನಲ್ಲಿ ಕ್ಯಾರೇಜ್ ಕಾಲ ಕೆಳಗಿಂದ ಜಾರುತ್ತದೆ. ಬಣ್ಣ ನೋಡಿ ಭಾರ ನಿರ್ಧರಿಸಬೇಡಿ, ತಯಾರಕರಿಂದ ತಯಾರಕರಿಗೆ ಬಣ್ಣದ ಅರ್ಥ ಬೇರೆ.

ಮಾತಿನ ಪ್ರಮಾಣಕ್ಕೂ ಲೆಕ್ಕವಿಡಿ. ಒಮ್ಮೆ ಮಾಡಿ ತೋರಿಸಿ, 4 ಸಲ ಸುಮ್ಮನೆ ಮಾಡಲು ಬಿಡುತ್ತೇನೆ, ಬಾಯಿ ಬಿಡುವುದಿಲ್ಲ. ಮೊದಲ ಎರಡು ಒರಟಾಗಿರುತ್ತವೆ, ಮೂರನೆಯದಕ್ಕೆ ಮೈ ತಾನೇ ತಿದ್ದಿಕೊಳ್ಳುತ್ತದೆ. ಆಮೇಲೂ ಬೇಕೆನಿಸಿದರೆ ಒಂದೇ ಸೂಚನೆ, ಮತ್ತೆ 4 ಸಲ ಮೌನ. ಸೂಚನೆ ಮೈಯ ಹೊರಗಿನ ವಸ್ತುವಿನ ಬಗ್ಗೆ ಇರಬೇಕು: ಗೋಡೆ, ನೆಲ, ಡಬ್ಬ, ಸದ್ದು. ಗಮನ ಹೊರಗಿದ್ದರೆ ಚಲನೆ ಬೇಗ ಕೂರುತ್ತದೆ ಎಂದು ಚಲನೆಯ ಕಲಿಕೆಯ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಿಂದ ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ. ‘ನೆತ್ತಿಯಿಂದ ದಾರ ಎಳೆದಂತೆ’ ಎಂಬ ಹೋಲಿಕೆಯನ್ನು ಮಾತ್ರ ನಾನು ಬಿಟ್ಟಿದ್ದೇನೆ. ಬಹುಪಾಲು ಜನ ಗದ್ದ ಎತ್ತಿ ಎದೆ ಸೆಟೆಸುತ್ತಾರೆ.

ಮೈಯನ್ನು ನಂಬುವುದು ಎಂದರೆ ಅಭ್ಯಾಸವನ್ನು ನಂಬುವುದಲ್ಲ. ದಿನಕ್ಕೆ 9 ಗಂಟೆ ಕುರ್ಚಿಯಲ್ಲಿ ಕೂತವರ ಮೈ ಮೊದಲು ತೋರಿಸುವುದು ಕುರ್ಚಿ ಕಲಿಸಿದ್ದನ್ನೇ. ಎರಡನ್ನೂ ಬೇರೆ ಮಾಡಿ ನೋಡಲು ನಾನು ಬಳಸುವ ಪರೀಕ್ಷೆ ಸರಳ: ಇದೇ ಕೆಲಸವನ್ನು ಇನ್ನೊಂದು ರೀತಿ ಮಾಡಿ ಎಂದು ಕೇಳುತ್ತೇನೆ. ನಿಧಾನವಾಗಿ, ಇನ್ನೊಂದು ಕೈಯಿಂದ, ಮಾತಾಡುತ್ತ. ಎರಡು ಮೂರು ದಾರಿ ಸಲೀಸಾಗಿ ಬಂದರೆ ಅದು ಸಹಜ ಚಲನೆ. ಒಂದೇ ದಾರಿ, ಅದೂ ಉಸಿರು ಕಟ್ಟಿ ದವಡೆ ಬಿಗಿದು ಬಂದರೆ ಅದು ಅಭ್ಯಾಸ. ಅಲ್ಲಿ ಜೋಡಣೆ ಬದಲಿಸಬೇಕು.

ಕೆಲವು ಕಡೆ ಕಾದು ನೋಡುವ ಪ್ರಶ್ನೆಯೇ ಇಲ್ಲ. ಮೂಳೆಯ ಸಾಂದ್ರತೆ ಕಡಿಮೆಯಾಗಿದೆ ಎಂದು ವೈದ್ಯರು ಹೇಳಿದ್ದರೆ ರೋಲ್ ಅಪ್, ಚೆಂಡಿನಂತೆ ಉರುಳುವುದು, ಬೆನ್ನು ಬಗ್ಗಿಸಿ ಭಾರ ಹಾಕುವ ಯಾವುದನ್ನೂ ಮಾಡಿಸುವುದಿಲ್ಲ. ಬಾಗಿದ ಮಣಿಯ ಮುಂಭಾಗ ಕುಸಿಯುವ ಅಪಾಯವಿದೆ. ಕಾಲಿಗೆ ಹರಿಯುವ ನೋವು, ಮರಗಟ್ಟುವಿಕೆ ಕಂಡರೆ ತರಗತಿ ಅಲ್ಲಿಗೇ ನಿಲ್ಲಬೇಕು, ಮೊದಲು ವೈದ್ಯರು. ಗರ್ಭಿಣಿಯರನ್ನು ಕೊನೆಯ ತಿಂಗಳುಗಳಲ್ಲಿ ಬಹಳ ಹೊತ್ತು ಅಂಗಾತ ಮಲಗಿಸಬೇಡಿ, ಎಡ ಮಗ್ಗುಲಿಗೆ ತಿರುಗಿಸಿ. ರಕ್ತದೊತ್ತಡ ಇರುವವರು ಉಸಿರು ಕಟ್ಟಿದ್ದು ಕಂಡರೆ ಭಾರ ಇಳಿಸಿ.

ಕೊನೆಯ ಎರಡು ನಿಮಿಷಕ್ಕೆ ಮತ್ತೆ ಅದೇ ಕೆಲಸ: ಕೂತು, ಮಲಗಿ, ಎದ್ದು ನಿಲ್ಲಿ. ಊರುವ ಕೈ ಒಂದು ಕಡಿಮೆಯಾಗಿದೆಯೇ, ಉಸಿರು ಹರಿಯುತ್ತಿದೆಯೇ, ಮೊದಲು ಬಳಸದ ಕಡೆಗೂ ಹೊರಳಿದರೇ ಎಂದು ಒಂದೊಂದು ಸಾಲು ಬರೆದಿಡುತ್ತೇನೆ. ಏನೂ ಬದಲಾಗದಿದ್ದರೆ ಆ ದಿನದ ವ್ಯಾಯಾಮಗಳಲ್ಲಿ ಅರ್ಧವನ್ನು ಮುಂದಿನ ಸಲ ತೆಗೆದುಹಾಕಿ, ಉಸಿರಿನಿಂದ ಮತ್ತು ಹೊರಳುವುದರಿಂದ ಶುರುಮಾಡುತ್ತೇನೆ.