ಇಜಿಆರ್ ವಾಲ್ವ್: ಮೊದಲು ಪರೀಕ್ಷೆ, ಆಮೇಲೆ ಸ್ಪ್ಯಾನರ್

ಹಳೆಯ ಪೆಟ್ರೋಲ್ ಕಾರು ನಿಂತಲ್ಲೇ ನಡುಗುತ್ತದೆ, ಆಗಾಗ ಆಫ್ ಆಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮಾತ್ರ ಸರಿಹೋಗುತ್ತದೆ. ಹೀಗಾದರೆ ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್, ಅಂದರೆ ಹೊಗೆಯ ಮರುಬಳಕೆ) ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲವೇನೋ ಎಂದು ನೋಡಬೇಕು. ಐಡ್ಲಿಂಗ್ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವುದು) ಚೆನ್ನಾಗಿದ್ದು, ಏರು ಹತ್ತುವಾಗ ಎಂಜಿನ್ ಒಳಗೆ ಕಟಕಟ ಸದ್ದು ಬಂದರೆ ಕಥೆ ಉಲ್ಟಾ: ವಾಲ್ವ್ ತೆರೆಯುತ್ತಿಲ್ಲ, ಇಲ್ಲವೇ ಹೊಗೆ ಹೋಗುವ ದಾರಿ ಮಸಿಯಿಂದ ಕಟ್ಟಿದೆ. ಒಬಿಡಿ-2 (ದೋಷವನ್ನು ತಾನೇ ಗುರುತಿಸಿ ಕೋಡ್ ಕೊಡುವ ವ್ಯವಸ್ಥೆ) ಇರುವ ಕಾರಿನಲ್ಲಿ ಪಿ0401 ಕೋಡ್ ಎಂದರೆ ಈ ಹೊಗೆಯ ಹರಿವು ಸಾಲದು, ಪಿ0402 ಎಂದರೆ ಹರಿವು ಹೆಚ್ಚು.

ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೆ ಬಿಡುವುದು ಈ ವಾಲ್ವ್‌ನ ಕೆಲಸ. ಆ ಹೊಗೆ ಉರಿಯುವುದಿಲ್ಲ, ಶಾಖ ಹೀರಿಕೊಳ್ಳುತ್ತದೆ. ಸಿಲಿಂಡರ್‌ನ ಉಷ್ಣತೆ ಇಳಿದು ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಐಡ್ಲಿಂಗ್‌ನಲ್ಲಿ ಅದು ಬೇಡ. ಆಗ ಒಳಬರುವ ಗಾಳಿಯೇ ಕಡಿಮೆ, ಅದರಲ್ಲಿ ಹೊಗೆ ಬೆರೆತರೆ ಎಂಜಿನ್ ಉಸಿರುಗಟ್ಟುತ್ತದೆ.

ಇಲ್ಲಿ ಹೇಳುತ್ತಿರುವುದು ಡಯಾಫ್ರಮ್ (ರಬ್ಬರ್ ಪೊರೆ) ಇರುವ, ವ್ಯಾಕ್ಯೂಮ್‌ನಿಂದ (ಗಾಳಿಯ ಸೆಳೆತದಿಂದ) ನಡೆಯುವ ಹಳೆಯ ಬಗೆಯ ವಾಲ್ವ್ ಬಗ್ಗೆ. ಎಂಜಿನ್ ಬಿಸಿ ಮಾಡಿ, ಬಯಲಲ್ಲಿ ಐಡ್ಲಿಂಗ್‌ನಲ್ಲಿ ಬಿಡಿ. ವಾಲ್ವ್‌ನ ರಬ್ಬರ್ ಪೈಪ್ ಕಿತ್ತು ಕೈ ವ್ಯಾಕ್ಯೂಮ್ ಪಂಪ್ ಜೋಡಿಸಿ, ಪಾದರಸದ ಅಳತೆಯಲ್ಲಿ 10ರಿಂದ 15 ಇಂಚಿನಷ್ಟು ವ್ಯಾಕ್ಯೂಮ್ ಎಳೆಯಿರಿ. ಎಂಜಿನ್ ತಡವರಿಸಬೇಕು ಅಥವಾ ನಿಂತೇ ಹೋಗಬೇಕು. ಹಾಗಾದರೆ ವಾಲ್ವ್ ತೆರೆಯುತ್ತಿದೆ, ದಾರಿಯೂ ಬಿಟ್ಟಿದೆ. ವಾಲ್ವ್‌ನೊಳಗಿನ ಕಡ್ಡಿ ಮೇಲೇಳುವುದು ಕಂಡರೂ ಎಂಜಿನ್ ಜಪ್ಪಯ್ಯ ಅನ್ನದಿದ್ದರೆ ತಪ್ಪು ವಾಲ್ವ್‌ನದಲ್ಲ, ದಾರಿ ಕಟ್ಟಿದೆ. ಪಂಪ್‌ನ ಮುಳ್ಳು ನಿಲ್ಲದೆ ಇಳಿದರೆ ಡಯಾಫ್ರಮ್ ಹರಿದಿರಬಹುದು. ಆದರೆ ಕೆಲವು ವಾಲ್ವ್‌ಗಳು ಹೊಗೆಯ ಒತ್ತಡ ಇದ್ದರೆ ಮಾತ್ರ ವ್ಯಾಕ್ಯೂಮ್ ಹಿಡಿಯುತ್ತವೆ. ಅಂಥವು ಎಂಜಿನ್ ಆಫ್ ಇದ್ದಾಗಲೂ ಐಡ್ಲಿಂಗ್‌ನಲ್ಲೂ ಹಿಡಿಯುವುದೇ ಇಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ವಾಲ್ವ್‌ಗಳು ಗುಜರಿಗೆ ಹೋಗಿವೆ. ಯಾವ ಬಗೆ ಎಂಬುದನ್ನು ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಪೈಪನ್ನೂ ಬಿಡಬೇಡಿ. ಬಿರುಕು ಬಿಟ್ಟ ರಬ್ಬರ್ ಪೈಪ್‌ಗೆ ಹೊಸ ವಾಲ್ವ್ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸಾಮಾನ್ಯವಾಗಿ ಈ ಪೈಪ್‌ನಲ್ಲಿ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಇರಬಾರದು, ಬಿಸಿ ಎಂಜಿನ್‌ನ ವೇಗ ಏರಿಸಿದಾಗ ಬರಬೇಕು. ಐಡ್ಲಿಂಗ್‌ನಲ್ಲೇ ಬರುತ್ತಿದ್ದರೆ ಯಾರೋ ಪೈಪನ್ನು ತಪ್ಪು ಮೂತಿಗೆ ಸಿಕ್ಕಿಸಿದ್ದಾರೆ, ಇಲ್ಲವೇ ವ್ಯಾಕ್ಯೂಮನ್ನು ಬಿಡುವ, ತಡೆಯುವ ವಿದ್ಯುತ್ ಸೊಲೆನಾಯ್ಡ್ ಕೆಟ್ಟಿದೆ.

ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಹೆಚ್ಚಾಗಿ ಎರಡೇ ಬೋಲ್ಟ್, 12 ಅಥವಾ 13 ಎಂಎಂ ಸ್ಪ್ಯಾನರ್ ಸಾಕು. ಆದರೆ ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಬೋಲ್ಟ್‌ಗಳವು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಡಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ; ಮತ್ತೆ ಸಿಕ್ಕಿಕೊಂಡರೆ ಎಣ್ಣೆ ಹಾಕಿ ಹಿಂದೆ ಮುಂದೆ ಆಡಿಸಿ. ಹಟಕ್ಕೆ ಬಿದ್ದು ಒಂದೇ ಸಮನೆ ತಿರುಗಿಸಿದರೆ ಬೋಲ್ಟ್ ಮುರಿಯುತ್ತದೆ. ಅರ್ಧ ಗಂಟೆಯ ಕೆಲಸ ಆಗ ಎರಡು ದಿನಕ್ಕೆ ಹೋಗುತ್ತದೆ.

ಡಯಾಫ್ರಮ್ ಹರಿಯದೆ ಚೆನ್ನಾಗಿದ್ದರೆ ವಾಲ್ವ್ ಬದಲಿಸಬೇಕಿಲ್ಲ, ಮಸಿ ತೆಗೆದರೆ ಸಾಕು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಡಯಾಫ್ರಮ್ ಮೇಲ್ಗಡೆಗೂ ಕಡ್ಡಿಯ ತುದಿ ಕೆಳಗಡೆಗೂ ಬರುವಂತೆ ವಾಲ್ವನ್ನು ಹಿಡಿದು, ಕಡ್ಡಿಯ ಕಡೆಗೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಬ್ರಷ್‌ನಿಂದ ತಿಕ್ಕಿ. ವಾಲ್ವನ್ನು ಇಡೀ ಮುಳುಗಿಸಿಡಬೇಡಿ. ಕ್ಲೀನರ್ ತಗುಲಿದರೆ ಡಯಾಫ್ರಮ್‌ನ ರಬ್ಬರ್ ಹಾಳಾಗುತ್ತದೆ. ಎಂಜಿನ್ ಕಡೆಯ ತೂತಿನಲ್ಲಿ ಮಸಿ ಕಲ್ಲಿನಂತೆ ಕಟ್ಟಿರುತ್ತದೆ. ಆ ಅಳತೆಯ ಡ್ರಿಲ್ ಬಿಟ್ಟನ್ನು ಯಂತ್ರಕ್ಕೆ ಹಾಕದೆ ಕೈಯಿಂದಲೇ ತಿರುಗಿಸುತ್ತಾ ಕೆರೆಯಿರಿ, ಉದುರಿದ್ದನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆಯಿರಿ. ಗಾಳಿ ಊದಿದರೆ ಮಸಿಯ ಚೂರು ಸಿಲಿಂಡರ್ ಕಡೆಗೇ ಹೋದೀತು.

ವಾಲ್ವ್ ಕೂರುವಲ್ಲಿ ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟ್‌ನ ಚೂರೂ ಉಳಿಯದಂತೆ ಕೆರೆಯಿರಿ, ಕೆರೆಯುವಾಗ ತೂತಿಗೆ ಬಟ್ಟೆ ತುರುಕಿರಿ, ಆಮೇಲೆ ಮರೆಯದೆ ತೆಗೆಯಿರಿ. ಹೊಸ ಗ್ಯಾಸ್ಕೆಟ್ ಒಣದಾಗಿಯೇ ಇರಲಿ, ಸೀಲಂಟ್ ಬೇಡ. ಎರಡೂ ಬೋಲ್ಟನ್ನು ಕೈಯಿಂದ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ಒಂದಾದ ಮೇಲೊಂದರಂತೆ ಬಿಗಿ ಮಾಡಿ. 8 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು. ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಹೊಸ ವಾಲ್ವೇ ಬೇಕಾದರೆ ಪಾರ್ಟ್ ನಂಬರ್ ನೋಡಿ ಕೊಳ್ಳಿ. ನೋಡಲು ಅವಳಿಗಳಂತಿದ್ದರೂ ಒಳಗಿನ ಸ್ಪ್ರಿಂಗ್, ತೂತಿನ ಅಳತೆ ಬೇರೆ ಇರುತ್ತದೆ. ತಗಡು ಇಟ್ಟು ದಾರಿ ಮುಚ್ಚುವ ಸಲಹೆ ಕೊಡುವವರೂ ಇದ್ದಾರೆ. ಹಾಗೆ ಮಾಡಿದರೆ ಐಡ್ಲಿಂಗ್ ನೆಟ್ಟಗಾಗುತ್ತದೆ, ಆದರೆ ಏರಿನ ಕಟಕಟ ಶುರುವಾಗುತ್ತದೆ, ನೈಟ್ರೋಜನ್ ಆಕ್ಸೈಡ್ ಏರುತ್ತದೆ.

ಜೋಡಿಸಿದ ಮೇಲೆ ಪಂಪ್‌ನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ವ್ಯಾಕ್ಯೂಮ್ ಬಿಟ್ಟ ಕೂಡಲೇ ಎಂಜಿನ್ ಸರಿಯಾದ ಐಡ್ಲಿಂಗ್‌ಗೆ ಮರಳಬೇಕು. ಕೋಡ್ ಅಳಿಸಿದ್ದರೆ ಕಾರಿನ ಕಂಪ್ಯೂಟರ್ ತಾನೇ ಮಾಡುವ ಇಜಿಆರ್ ಪರೀಕ್ಷೆ ಮುಗಿಯಲು ಕಾರು ಹಲವು ಸಲ ಓಡಬೇಕಾದೀತು, ಅಲ್ಲಿಯವರೆಗೆ ಹೊಗೆ ತಪಾಸಣೆಗೆ ಒಯ್ಯಬೇಡಿ.