ತೋಟದಲ್ಲಿ ಸದ್ದಾಗದಂತೆ ನಡೆಯಲು ಎಂಥ ಶೂ?

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಕ್ಕಿ ನೋಡಲು ಹೊರಟವರಿಗೆ ಮೊದಲು ಕೈಕೊಡುವುದು ಬೈನಾಕ್ಯುಲರ್ ಅಲ್ಲ, ಕಾಲಿನ ಬೂಟು. ದರಗಿನ ಎಲೆ ಮಗುಚುತ್ತ ಹುಳ ಹೆಕ್ಕುವ ನವರಂಗ, ಬೇಲಿಯಂಚಿನ ಕಾಡುಕೋಳಿ, ತೊರೆಗೆ ಇಳಿಯುವ ಕಾಡುಕುರಿ ಇವೆಲ್ಲ ನಮ್ಮನ್ನು ಕಾಣುವ ಮೊದಲೇ ಕೇಳಿಸಿಕೊಂಡಿರುತ್ತವೆ. ದಪ್ಪ ಅಟ್ಟೆಯ ಟ್ರೆಕಿಂಗ್ ಬೂಟು ಹಾಕಿಕೊಂಡು ಎಷ್ಟು ಎಚ್ಚರದಿಂದ ನಡೆದರೂ ಸದ್ದು ತಪ್ಪದು. ಕಾಲಡಿಯ ಕಡ್ಡಿ ಮುರಿದದ್ದು ಕಿವಿಗೆ ಗೊತ್ತಾಗುತ್ತದೆಯೇ ಹೊರತು ಪಾದಕ್ಕೆ ಗೊತ್ತಾಗುವುದಿಲ್ಲ. ತೆಳು ಅಟ್ಟೆಯ ಶೂ ಬೇಕಾಗುವುದು ಇದಕ್ಕೇ. ಅದು ಸದ್ದನ್ನು ನುಂಗಿಬಿಡುತ್ತದೆ ಅಂತಲ್ಲ, ಕಡ್ಡಿ ಮುರಿಯುವ ಮೊದಲೇ ಪಾದಕ್ಕೆ ಸುದ್ದಿ ಮುಟ್ಟಿಸುತ್ತದೆ.

ಸದ್ದಿಲ್ಲದೆ ಹತ್ತಿರ ಹೋಗುವ ಈ ವಿದ್ಯೆ ಮೂಲದಲ್ಲಿ ಶಿಕಾರಿಯವರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ, ಅದು ಹಾಗೆಯೇ ಇರಬೇಕು. ನೋಡುವವರಿಗೂ ಫೋಟೊ ತೆಗೆಯುವವರಿಗೂ ಆ ನಡಿಗೆ ಇಂದಿಗೂ ಬೇಕು. ಭದ್ರಾ ಹುಲಿ ಮೀಸಲಿನಂಥ ಕಡೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಆದ್ದರಿಂದ ಇಲ್ಲಿನ ಮಾತೆಲ್ಲ ಮಾಲೀಕರನ್ನು ಕೇಳಿ ಓಡಾಡುವ ತೋಟ, ಊರ ಕಾಲುದಾರಿ, ಕೆರೆ ಏರಿಗಳಿಗೆ ಸಂಬಂಧಿಸಿದ್ದು.

ಶೂಗಿಂತ ಮೊದಲು ಒಂದು ಎಚ್ಚರಿಕೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಆನೆ ಇರುವಲ್ಲಿ ಸದ್ದಿಲ್ಲದೆ ನಡೆಯುವುದೇ ಅಪಾಯ: ಅದಕ್ಕೆ ನಾವು ಬರುವುದು ತಿಳಿಯದು, ಕಾಫಿ ಗಿಡಗಳ ಮರೆಯಲ್ಲಿ ನಮಗೆ ಅದು ಕಾಣದು, ಇಬ್ಬರೂ ಹತ್ತು ಹೆಜ್ಜೆಯಲ್ಲಿ ಎದುರಾಗುತ್ತೇವೆ. ಹೊರಡುವ ಮುನ್ನ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರನ್ನೋ ಆಳುಗಳನ್ನೋ ಕೇಳಿ. ಹಿಂದಿನ ರಾತ್ರಿ ಆನೆ ಬಂದಿದೆ ಎಂದರೆ ಅಂದಿನ ನಡಿಗೆ ಬಿಟ್ಟುಬಿಡಿ. ಕಾಟಿ ಇರುವ ಕಡೆಗೂ, ಅರಸೀಕೆರೆಯ ಕರಡಿ ಗುಡ್ಡಗಳಿಗೂ ಇದೇ ಮಾತು.

ಅಂಗಡಿಯಲ್ಲಿ ನೋಡಬೇಕಾದದ್ದು

ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮನೆಯಲ್ಲೇ ಹಳೆಯ ಪೇಪರಿನ ಮೇಲೆ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆದು ಕತ್ತರಿಸಿಟ್ಟುಕೊಳ್ಳಿ. ಕುಳಿತು ಎಳೆದರೆ ಅಳತೆ ಕಿರಿದಾಗುತ್ತದೆ. ಅಂಗಡಿಯಲ್ಲಿ ಶೂ ಒಳಗಿನ ಹಾಸನ್ನು ತೆಗೆದು ಈ ಪೇಪರನ್ನು ಅದರ ಮೇಲಿಡಿ. ಕಿರುಬೆರಳಿನ ಕಡೆ ಪೇಪರು ಹಾಸಿನ ಹೊರಗೆ ಚಾಚಿದರೆ ಆ ಶೂ ಬೇಡ. ಬೆರಳುಗಳು ಬಿಡಿಸಿಕೊಂಡು ನೆಲ ಹಿಡಿಯಲಾಗದಿದ್ದರೆ ಅಟ್ಟೆ ಎಷ್ಟು ತೆಳುವಾಗಿದ್ದರೂ ಲಾಭವಿಲ್ಲ. ಹೆಬ್ಬೆರಳಿನ ಮುಂದೆ 10ರಿಂದ 12 ಮಿಲಿಮೀಟರ್ ಜಾಗ ಇರಲಿ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುತ್ತದೆ, ಜಾಗವಿಲ್ಲದಿದ್ದರೆ ಉಗುರು ಕಪ್ಪಾಗುತ್ತದೆ.

ಆಮೇಲೆ ಅಟ್ಟೆ. ಶೂವನ್ನು ಎರಡು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸಲೀಸಾಗಿ ತಿರುಚಿಕೊಳ್ಳಬೇಕು. ತುದಿಯಿಂದ ಹಿಮ್ಮಡಿಯ ಕಡೆಗೆ ಚಾಪೆಯಂತೆ ಸುತ್ತಿ ನೋಡಿ. ನಡುವೆ ಎಲ್ಲೋ ಸೆಟೆದು ನಿಂತರೆ ಒಳಗೆ ಗಟ್ಟಿ ಪಟ್ಟಿ ಇದೆ ಎಂದರ್ಥ. ಹಾಸು ಬಿಟ್ಟು ಅಟ್ಟೆಯ ದಪ್ಪ 5ರಿಂದ 8 ಮಿಲಿಮೀಟರ್ ಇದ್ದರೆ ಮಲೆನಾಡಿನ ತೋಟಕ್ಕೆ ಸರಿ. ಹಿಮ್ಮಡಿ ಮತ್ತು ಮುಂಭಾಗದ ಎತ್ತರ ಒಂದೇ ಇರಲಿ. ಎತ್ತರದ ಹಿಮ್ಮಡಿ ಇದ್ದಾಗ ಮೊದಲು ನೆಲಕ್ಕೆ ತಾಗುವುದು ಅದೇ, ತಾಗುವುದು ಗುದ್ದಿದ ಹಾಗೆ.

ರಬ್ಬರಿನ ಮೆದುತನಕ್ಕೆ ಹೆಬ್ಬೆರಳಿನ ಉಗುರೇ ಅಳತೆಗೋಲು. ಒತ್ತಿದಾಗ ತಗ್ಗು ಬಿದ್ದು ಕೂಡಲೇ ಮೇಲೆದ್ದರೆ ಒಳ್ಳೆಯದು. ಉಗುರು ಇಳಿಯದೆ ಜಾರಿದರೆ ಅದು ಕಲ್ಲಿನ ಮೇಲೆ ಟಕ್ಕೆನ್ನುತ್ತದೆ, ಪಾಚಿಯ ಮೇಲೆ ಜಾರುತ್ತದೆ. ತಗ್ಗು ಹಾಗೆಯೇ ಉಳಿದರೆ ಅದು ಬರೀ ಫೋಮ್, ಜಲ್ಲಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಅಂಗಡಿಯ ನೆಲದ ಮೇಲೆ ಮೊಣಕಾಲೆತ್ತರದಿಂದ ಶೂ ಬೀಳಿಸಿ ಕೇಳಿ: 'ಧಪ್' ಎಂದರೆ ತೆಗೆದುಕೊಳ್ಳಬಹುದು, 'ಟಪ್' ಎಂದರೆ ವಾಪಸ್ ಇಡಿ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ.

ಅಟ್ಟೆಯಡಿಯ ಹಲ್ಲು 2-3 ಮಿಲಿಮೀಟರಿಗಿಂತ ಆಳ ಬೇಡ. ಆಳದ ಹಲ್ಲಿನ ಸಂದಿಯಲ್ಲಿ ಜಲ್ಲಿಕಲ್ಲು ಸಿಕ್ಕಿಕೊಂಡು ಪ್ರತಿ ಹೆಜ್ಜೆಗೂ ಕರಕರ ಎನ್ನುತ್ತದೆ. ಕೆಂಪು ಮಣ್ಣು ತುಂಬಿ ಹೆಂಟೆಯಾಗಿ ದರಗಿನ ಮೇಲೆ ಬೀಳುತ್ತದೆ.

ಮೇಲ್ಭಾಗಕ್ಕೆ ಹತ್ತಿಯ ಕ್ಯಾನ್ವಾಸಿನಷ್ಟು ಒಳ್ಳೆಯದು ಬೇರೆ ಇಲ್ಲ. ನೈಲಾನು ಗಿಡಕ್ಕೆ ಉಜ್ಜಿದಾಗ ಸರ್ರೆನ್ನುತ್ತದೆ, ಕ್ಯಾನ್ವಾಸು ಹಾಗೆನ್ನುವುದಿಲ್ಲ. ವೆಲ್ಕ್ರೊ ಬೇಡವೇ ಬೇಡ. ದಾರ ಕಟ್ಟುವ ಶೂ ಇರಲಿ, ಕಟ್ಟಿ ಉಳಿದ ಕುಣಿಕೆಯನ್ನು ಒಳಕ್ಕೆ ಸಿಕ್ಕಿಸಿ. ಹರಡು ಮುಚ್ಚುವ ಎತ್ತರವಿದ್ದರೆ ದರಗಿನ ಚೂರು ಒಳಗೆ ಬೀಳುವುದಿಲ್ಲ. ಬಣ್ಣ ಮಣ್ಣಿನದೋ ಹಸಿರೋ ಆಗಿರಲಿ, ಶಾಲೆಯ ಬಿಳಿ ಕ್ಯಾನ್ವಾಸು ನಡೆಯುವಾಗ ದೂರದಿಂದಲೇ ಮಿಂಚುತ್ತದೆ.

ಬೇರೆ ನಾಡುಗಳ ಮಾದರಿಗಳೂ ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಮೊಕ್ಯಾಸಿನ್ ಮೆತ್ತನೆಯ ತೊಗಲಿನದು, ಒಣ ನೆಲದಲ್ಲಿ ಬಹಳ ಮೌನಿ. ನಮ್ಮ ಮಳೆಯಲ್ಲಿ ಆ ತೊಗಲು ನೀರು ಕುಡಿದು ಜಾರುತ್ತದೆ, ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಜಪಾನಿನ ಜಿಕಾ-ತಾಬಿಗೆ ಹೆಬ್ಬೆರಳು ಬೇರೆಯಾಗಿದ್ದು ರಬ್ಬರ್ ಅಟ್ಟೆ ಇರುತ್ತದೆ. ತೋಟಕ್ಕೆ ಚೆನ್ನಾಗಿಯೇ ಹೊಂದುತ್ತದೆ, ಆದರೆ ಹೆಬ್ಬೆರಳು ಬಿಡಿಯಾಗಿರುವ ಕಾಲುಚೀಲವನ್ನೂ ಹುಡುಕಬೇಕು. ಹವಾಯಿ ಚಪ್ಪಲಿ ತೆಳುವೇ, ಆದರೆ ಹಿಮ್ಮಡಿಗೆ ಪಟಪಟ ಬಡಿಯುತ್ತದೆ.

ಮಳೆ, ಬಿಸಿಲು, ಮುಳ್ಳು

ಎಲ್ಲ ಕಾಲಕ್ಕೂ ಎಲ್ಲ ನೆಲಕ್ಕೂ ಆಗುವ ಒಂದೇ ಶೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ನೆಲವೇ ಒದ್ದೆ ಬಟ್ಟೆಯಂತಿರುತ್ತದೆ, ಎಲೆ ಸದ್ದು ಮಾಡುವುದಿಲ್ಲ. ಆಗ ಸದ್ದು ಬರುವುದು ಶೂ ಒಳಗಿನ ನೀರಿನಿಂದ: ಪಚಕ್, ಪಚಕ್. ನೀರು ಒಳಬರುವುದನ್ನು ತಡೆಯಲು ಹೋಗಬೇಡಿ, ಹೊರಹೋಗಲು ದಾರಿ ಮಾಡಿ. ದಬ್ಬಳ ಕಾಯಿಸಿ, ಪಾದದ ಒಳಕಮಾನಿನ ಪಕ್ಕ, ಅಟ್ಟೆಗೆ ತಾಗಿದಂತೆ ಕ್ಯಾನ್ವಾಸಿನಲ್ಲಿ 3 ಮಿಲಿಮೀಟರಿನ ಎರಡು ತೂತು ಮಾಡಿ, ಅಂಚಿಗೆ ದಾರದ ಹೊಲಿಗೆ ಹಾಕಿಸಿ. ಅಟ್ಟೆಗೇ ತೂತು ಹೊಡೆದರೆ ಕೆಸರು ಮೇಲೇರುತ್ತದೆ. ಸ್ಪಂಜಿನ ಹಾಸು ತೆಗೆದುಬಿಡಿ, ಹಿಂಡಿದಷ್ಟೂ ಸದ್ದು ಮಾಡುವುದು ಅದೇ.

ಇಂಬಳಕ್ಕೆ ತೂತು ದಾರಿಯಾಗದೇ ಎಂದು ಕೇಳಬಹುದು. ಆಗುತ್ತದೆ. ಅವು ದಾರದ ಕಣ್ಣಿನಿಂದಲೂ ನುಸುಳುತ್ತವೆ, ಹಾಗಾಗಿ ತಡೆಯುವ ಕೆಲಸವನ್ನು ಶೂಗೆ ಬಿಡದೆ ಕಾಲುಚೀಲಕ್ಕೆ ಕೊಡಿ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯ, ಮೊಣಕಾಲಿನ ಕೆಳಗೆ ಲಾಡಿ ಕಟ್ಟುವ ಇಂಬಳದ ಚೀಲವನ್ನು ಮಾಮೂಲಿ ಕಾಲುಚೀಲದ ಮೇಲೆ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ ಕಟ್ಟಿ, ಆಮೇಲೆ ಶೂ. ಹೆಣೆದ ಕಾಲುಚೀಲದ ಕಣ್ಣಿನಲ್ಲಿ ಸಣ್ಣ ಇಂಬಳ ತೂರಿಬಿಡುತ್ತದೆ. ಹೊಗೆಸೊಪ್ಪು ನೆನೆಸಿದ ನೀರನ್ನು ಚೀಲದ ಹೊರಗೆ ಹಚ್ಚಿಕೊಳ್ಳುವುದು ಹಳೆಯ ಉಪಾಯ. ಜಡಿಮಳೆಯಲ್ಲಿ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಈ ಚೀಲ ಹಾಕಿ ಶೂ ಕೊಂಡರೆ ಮಾತ್ರ ಅಳತೆ ಸರಿಬರುತ್ತದೆ. ಇಲ್ಲವೆಂದರೆ ಮಳೆಗಾಲದಲ್ಲಿ ಬಿಗಿ.

ಕಡಿದಾದ ಜೇಡಿಮಣ್ಣಿನ ದಾರಿಗೆ ಸಪಾಟು ಅಟ್ಟೆ ನಿಲ್ಲುವುದಿಲ್ಲ. ಅಲ್ಲಿ ಮೌನದ ಆಸೆ ಬಿಟ್ಟು ಗಂಬೂಟು ಹಾಕಿ.

ಜನವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ಕಷ್ಟದ ಕಾಲ. ಸಿಲ್ವರ್ ಓಕಿನ ಎಲೆ ಒಣಗಿದರೆ ಹಪ್ಪಳದಂತಾಗುತ್ತದೆ, ಅದರ ಮೇಲೆ ಯಾವ ಶೂವೂ ಮೌನವಾಗಿರದು. ತೆಳು ಅಟ್ಟೆ ಇಲ್ಲಿ ಕೊಡುವ ಸಹಾಯವೆಂದರೆ ಎಲೆಯ ಕೆಳಗಿನ ಕಡ್ಡಿಯನ್ನು ಹೇಳುವುದು. ಎಲೆಯ ಸರಸರಕ್ಕೆ ಕಾಡುಕೋಳಿ ಅಷ್ಟಾಗಿ ಬೆದರುವುದಿಲ್ಲ, ಅದೂ ದಿನವಿಡೀ ಅದನ್ನೇ ಮಾಡುತ್ತಿರುತ್ತದೆ. ಕಡ್ಡಿ ಲಟಕ್ಕೆಂದರೆ ಮಾತ್ರ ಇಡೀ ತೋಟ ಸ್ತಬ್ಧ. ಇಬ್ಬನಿ ಆರುವ ಮೊದಲಿನ ಹೊತ್ತನ್ನು ಬಳಸಿಕೊಳ್ಳಿ; ಒದ್ದೆ ಎಲೆ ಬಾಗುತ್ತದೆ, ಒಣ ಎಲೆ ಒಡೆಯುತ್ತದೆ. ನೆರಳಿನ ಮರದ ಕೊಂಬೆ ಇಳಿಸಿದ, ಮರಗಸಿ ಆಗಷ್ಟೇ ಮುಗಿದ ತೋಟಕ್ಕೆ ಹೋಗಲೇಬೇಡಿ, ಕಾಲಿಟ್ಟಲ್ಲೆಲ್ಲ ಕಡ್ಡಿ.

ಬೇಸಿಗೆಯಲ್ಲಿ ಇಂಬಳ ಹೋಗಿ ಉಣುಗು ಬರುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದು. ಆದ್ದರಿಂದ ಒಣಗಾಲದಲ್ಲೂ ಮೊಣಕಾಲಿನವರೆಗಿನ ಚೀಲ ಬಿಡಬೇಡಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತ ಜಾಗದ ಹತ್ತಿರ ಹೋಗಬೇಡಿ.

ಅರಸೀಕೆರೆ, ಕಡೂರಿನ ಬಯಲು ಸೀಮೆಗೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಜಾಲಿಮುಳ್ಳು ಎರಡು ಇಂಚಿನವರೆಗೂ ಬೆಳೆಯುತ್ತದೆ, 6 ಮಿಲಿಮೀಟರ್ ರಬ್ಬರನ್ನು ನೇರವಾಗಿ ದಾಟಿ ಪಾದಕ್ಕೆ ಬರುತ್ತದೆ. ಅಲ್ಲಿಗೆ 10 ಮಿಲಿಮೀಟರ್ ಅಟ್ಟೆ, ಅದರ ಮೇಲೆ 2-3 ಮಿಲಿಮೀಟರಿನ ಹದ ಮಾಡಿದ ಎಮ್ಮೆ ತೊಗಲಿನ ಹಾಸು ಕತ್ತರಿಸಿ ಹಾಕಿಸಿ. ಮುಳ್ಳು ಪೂರ್ತಿ ನಿಲ್ಲದು, ಆದರೆ ಚುಚ್ಚಿದ ಸುಳಿವು ಸಿಕ್ಕು ಕಾಲೆತ್ತುವಷ್ಟು ಹೊತ್ತು ಸಿಗುತ್ತದೆ. ಟೈರಿನ ಮೆಟ್ಟು ಮುಳ್ಳಿಗೆ ಗಟ್ಟಿ, ಬಂಡೆಯ ಮೇಲೆ ಮಾತ್ರ ಗಲಾಟೆ.

ಹಾವಿನ ವಿಷಯ ಮುಚ್ಚಿಡುವಂಥದ್ದಲ್ಲ. ಕ್ಯಾನ್ವಾಸು ಕೊಳಕುಮಂಡಲದ ಹಲ್ಲನ್ನು ತಡೆಯುವುದಿಲ್ಲ. ಹಾವಿಗೆ ಸುಳಿವು ಕೊಡುವುದು ನೆಲದ ಅದುರು, ಮೆಲ್ಲನೆಯ ಹೆಜ್ಜೆಯಲ್ಲಿ ಅದೂ ಕಡಿಮೆ. ಕಾಣುವ ಜಾಗದಲ್ಲಷ್ಟೇ ಕಾಲಿಡಿ. ಬಿದ್ದ ಮರ ದಾಟುವಾಗ ಆಚೆ ಬದಿ ನೋಡಿ ದಾಟಿ. ಕತ್ತಲಾದ ಮೇಲೆ ತೆಳು ಶೂ ಬೇಡ, ಗಂಬೂಟು ಮತ್ತು ಟಾರ್ಚು ಬೇಕು.

ಕಾಲನ್ನು ಪಳಗಿಸುವುದು

ಹತ್ತು ಹದಿನೈದು ವರ್ಷ ಎತ್ತರದ ಹಿಮ್ಮಡಿಗೆ ಒಗ್ಗಿದ ಕಾಲಿಗೆ ಸಪಾಟು ಶೂ ಹಾಕಿ ಮೊದಲ ದಿನವೇ ಮುಳ್ಳಯ್ಯನಗಿರಿ ಹತ್ತಿದರೆ ಮರುದಿನ ಮೀನಖಂಡ ಕಲ್ಲಾಗಿರುತ್ತದೆ. ಮೊದಲ ಎರಡು ವಾರ ಅಂಗಳದಲ್ಲಿ, ಮನೆಯೊಳಗೆ ಬರಿಗಾಲಲ್ಲಿ ಓಡಾಡಿ. ನಂತರ ಹೊಸ ಶೂವಿನಲ್ಲಿ ದಿನಕ್ಕೆ 20 ನಿಮಿಷ, ವಾರಕ್ಕೆ 10 ನಿಮಿಷದಂತೆ ಹೆಚ್ಚಿಸಿ. ಮೀನಖಂಡದ ನೋವು ಸಹಜ. ಪಾದದ ಮೇಲ್ಭಾಗದ ಮೂಳೆಯಲ್ಲಿ ಒಂದೇ ಜಾಗ ಮುಟ್ಟಿದರೆ ನೋವಾಗುತ್ತಿದ್ದರೆ ಅದು ಸಹಜವಲ್ಲ, ಮೂಳೆ ಸೀಳುವ ಮುನ್ಸೂಚನೆ ಇರಬಹುದು. ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು ತೆಳು ಅಟ್ಟೆಗೆ ಕೈಹಾಕಬಾರದು.

ಹೆಜ್ಜೆ ಮಾಮೂಲಿನ ಅರ್ಧದಷ್ಟೇ ಇರಲಿ. ಭಾರವೆಲ್ಲ ಹಿಂದಿನ ಕಾಲಿನ ಮೇಲೆ ಇರುವಾಗಲೇ ಮುಂದಿನ ಪಾದದ ಹೊರಅಂಚನ್ನು, ಕಿರುಬೆರಳಿನ ಬುಡದ ಹತ್ತಿರ, ನೆಲಕ್ಕೆ ತಾಗಿಸಿ. ಏನೂ ಚುಚ್ಚದಿದ್ದರೆ ಹೆಬ್ಬೆರಳಿನ ಕಡೆಗೆ ಹೊರಳಿಸಿ, ಹಿಮ್ಮಡಿ ಇಳಿಸಿ, ಕೊನೆಗೆ ಭಾರ ಬಿಡಿ. ಕಡ್ಡಿ ಸಿಕ್ಕಿದರೆ ಕಾಲೆತ್ತಿ ಬೇರೆ ಕಡೆ ಇಡಿ; ಭಾರ ಹಿಂದೆಯೇ ಇರುವುದರಿಂದ ತೂಗಾಡುವುದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ: ಪಾದ ತಾಗುವ ಮೊದಲೇ ಮೈ ಮುಂದೆ ಹೋಗಿರುತ್ತದೆ, ಆಮೇಲೆ ಕಡ್ಡಿ ತಿಳಿದರೂ ಕಾಲೆತ್ತಲಾಗದು. ಗಾಳಿ ಬೀಸಿದಾಗ, ಜೀರುಂಡೆ ಜೋರಾದಾಗ ನಾಲ್ಕು ಹೆಜ್ಜೆ. ಆ ಸದ್ದು ನಿಂತಾಗ ನೀವೂ ನಿಲ್ಲಿ.

ಮನೆಗೆ ಬಂದ ಕೂಡಲೇ ಅಟ್ಟೆಯ ಮೇಲೆ ಬೆರಳಾಡಿಸಿ ಮುರಿದ ಮುಳ್ಳಿನ ಮೊನೆಗಳನ್ನು ಸೂಜಿಯಿಂದ ತೆಗೆಯಿರಿ, ಬಿಟ್ಟರೆ ದಿನಕ್ಕಿಷ್ಟು ಒಳಕ್ಕಿಳಿಯುತ್ತವೆ. ಒದ್ದೆ ಶೂ ಒಳಗೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಬಚ್ಚಲೊಲೆಯ ಹತ್ತಿರ ತೀರ ಒತ್ತಿಡಬೇಡಿ, ಬಿಸಿಗೆ ಅಂಟು ಬಿಟ್ಟು ಅಟ್ಟೆಯ ತುದಿ ಬಾಯಿಬಿಡುತ್ತದೆ, ಬಾಯಿಬಿಟ್ಟ ಅಟ್ಟೆ ನಡೆದಾಗಲೆಲ್ಲ ಚಪಚಪ ಎನ್ನುತ್ತದೆ. ಹೊಸದರಲ್ಲೇ ಸುತ್ತಲೂ ಹೊಲಿಗೆ ಹಾಕಿಸಿಕೊಂಡರೆ ಈ ಕಾಟ ಇಲ್ಲ. ಒಣ ಶೂ ಕಿರುಗುಟ್ಟಿದರೆ ಹಾಸಿನ ಕೆಳಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ. ಹಾಕಿಕೊಳ್ಳುವ ಮುನ್ನ ಶೂ ಬೋರಲು ಮಾಡಿ ಬಡಿಯಲು ಮರೆಯಬೇಡಿ, ಒಳಗೆ ಚೇಳು ಸೇರಿಕೊಂಡಿರಬಹುದು.