ವಿಂಡೊಗೊಂದು ಕಾಯಂ ಜಾಗ ಕೊಡಿ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಟರ್ಮಿನಲ್ ಎಡಕ್ಕೆ, ಬ್ರೌಸರ್ ಬಲಕ್ಕೆ ಎಳೆದು ಕೂರಿಸುವುದು, ಮರುದಿನ ಮತ್ತದೇ. ಲಿನಕ್ಸ್‌ನಲ್ಲಿ ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಬಳಸುತ್ತಿದ್ದರೆ ಈ ಎಳೆದಾಟ ಬೇಕಿಲ್ಲ. ಯಾವ ವಿಂಡೊ ಎಲ್ಲಿ, ಎಷ್ಟು ಅಳತೆಯಲ್ಲಿ ತೆರೆಯಬೇಕೆಂದು ಬರೆದಿಡುವ 'ವಿಂಡೊ ರೂಲ್ಸ್' ಅದರಲ್ಲಿದೆ. ಆದರೆ ರೂಲ್ ಬರೆಯಲು ಕೂತವರು ಹೆಚ್ಚಾಗಿ ಮೂರನೇ ಹಂತದಲ್ಲೇ ಎಡವುವುದನ್ನು ನೋಡಿದ್ದೇನೆ.

ಹಂತ 1: ವಿಂಡೊವನ್ನು ಬೇಕಾದ ಜಾಗದಲ್ಲಿ, ಬೇಕಾದ ಅಳತೆಗೆ ಇಟ್ಟುಕೊಳ್ಳಿ.

ಹಂತ 2: ಆಲ್ಟ್ ಮತ್ತು ಎಫ್3 ಒತ್ತಿ. ಮೆನುವಿನ 'ಮೋರ್ ಆ್ಯಕ್ಷನ್ಸ್' ಒಳಗೆ 'ಕಾನ್ಫಿಗರ್ ಸ್ಪೆಷಲ್ ವಿಂಡೊ ಸೆಟ್ಟಿಂಗ್ಸ್' ಆರಿಸಿ.

ಹಂತ 3: ಈ ರೂಲ್ ಯಾರಿಗೆ ಅನ್ವಯ? ಇಲ್ಲಿ ಅವಸರ ಬೇಡ. 'ವಿಂಡೊ ಕ್ಲಾಸ್' (ವಿಂಡೊ ಯಾವ ಅಪ್ಲಿಕೇಶನ್ನಿನದು ಎಂದು ಹೇಳುವ ಹೆಸರು) ಎದುರು 'ಎಕ್ಸಾಕ್ಟ್ ಮ್ಯಾಚ್' ಇರಲಿ. ಅದನ್ನು 'ಅನ್‌ಇಂಪಾರ್ಟೆಂಟ್' ಮಾಡಿದಿರೋ, ಕ್ಯಾಲ್ಕುಲೇಟರ್‌ನಿಂದ ಹಿಡಿದು ಸಿಕ್ಕಸಿಕ್ಕ ವಿಂಡೊಗಳೆಲ್ಲ ಒಂದೇ ಮೂಲೆಗೆ ಬಂದು ಬೀಳುತ್ತವೆ. ಶೀರ್ಷಿಕೆ ನೋಡಿ ಗುರುತಿಸುವ ಆಯ್ಕೆಯನ್ನು ನಾನಂತೂ ಮುಟ್ಟುವುದಿಲ್ಲ. ಬ್ರೌಸರ್‌ನಲ್ಲಿ ಟ್ಯಾಬ್ ಬದಲಾದಂತೆ ಶೀರ್ಷಿಕೆಯೂ ಬದಲಾಗುತ್ತದೆ, ರೂಲ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಕೈಕೊಡುತ್ತದೆ. 'ವಿಂಡೊ ಟೈಪ್ಸ್'ನಲ್ಲಿ 'ನಾರ್ಮಲ್ ವಿಂಡೊ' ಒಂದನ್ನೇ ಉಳಿಸಿ. ಇಲ್ಲದಿದ್ದರೆ ಫೈಲ್ ತೆರೆಯಲು ಬರುವ ಪುಟ್ಟ ಡಯಲಾಗ್ ಕೂಡ ಅರ್ಧ ಪರದೆಗೆ ಹಿಗ್ಗಿ ನಿಲ್ಲುತ್ತದೆ.

ಹಂತ 4: 'ಆ್ಯಡ್ ಪ್ರಾಪರ್ಟಿ' ಒತ್ತಿ 'ಪೊಸಿಷನ್', 'ಸೈಜ್' ಸೇರಿಸಿ. ಪಕ್ಕದ ಪಟ್ಟಿಯಲ್ಲಿ 'ಅಪ್ಲೈ ಇನಿಶಿಯಲಿ' ಎಂದರೆ ವಿಂಡೊ ತೆರೆದಾಗ ಮಾತ್ರ ಅಲ್ಲಿಗೆ ಹೋಗುತ್ತದೆ, ಆಮೇಲೆ ನಿಮ್ಮಿಷ್ಟ. 'ರಿಮೆಂಬರ್' ಎಂದರೆ ಕಳೆದ ಸಲ ಬಿಟ್ಟ ಜಾಗ ನೆನಪಿಡುತ್ತದೆ. 'ಫೋರ್ಸ್' ಹಾಕಿದರೆ ಮೌಸ್‌ನಿಂದ ಎಷ್ಟು ಎಳೆದರೂ ವಿಂಡೊ ಕದಲದು. ಡೆಸ್ಕ್‌ಟಾಪೇ ಕೆಟ್ಟಿತೆಂದು ಗಾಬರಿಯಾಗುವವರು ಮಾಡಿಕೊಂಡಿರುವುದು ಇದನ್ನೇ. ನೀವು 'ಅಪ್ಲೈ ಇನಿಶಿಯಲಿ'ಯನ್ನೇ ಆರಿಸಿ. ಎರಡು ಮಾನಿಟರ್ ಅಕ್ಕಪಕ್ಕ ಇದ್ದರೆ 'ಪೊಸಿಷನ್' ಅಂಕಿಗಳು ಎಡಗಡೆಯದರಿಂದ ಶುರು: ಅದು 1920 ಪಿಕ್ಸೆಲ್ ಅಗಲವಿದ್ದರೆ ಬಲಗಡೆಯ ಪರದೆ 1920ರಿಂದ ಆರಂಭ.

ಅಡ್ಡದಾರಿಯೆಂದು ಆಜ್ಞೆ ಕೊಟ್ಟು ವಿಂಡೊ ಸರಿಸುವ ಹಳೆಯ 'wmctrl' ಸ್ಕ್ರಿಪ್ಟ್‌ಗಳನ್ನು ನಕಲು ಮಾಡಬೇಡಿ. ಅವು ಪರದೆಗೆ ವಿಂಡೊ ತರುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಕಾಲದವು. ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಸಾಮಾನ್ಯ ಅಪ್ಲಿಕೇಶನ್ ತನ್ನ ಜಾಗವನ್ನು ತಾನೇ ನಿರ್ಧರಿಸುವಂತಿಲ್ಲ, ಆ ಅಧಿಕಾರ ವಿಂಡೊಗಳನ್ನೆಲ್ಲ ಜೋಡಿಸಿ ಪರದೆಗೆ ತರುವ ಕಂಪೋಸಿಟರ್‌ನದು. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ನೋಮ್ (GNOME) ಬಳಸುವವರಿಗೆ ಅದರ ಸೆಟ್ಟಿಂಗ್ಸ್‌ನಲ್ಲೇ ಇಷ್ಟು ಸೂಕ್ಷ್ಮ ಹಿಡಿತ ಇಲ್ಲ. 'ಆಟೊ ಮೂವ್ ವಿಂಡೋಸ್' ಎಕ್ಸ್‌ಟೆನ್ಷನ್ ಅಪ್ಲಿಕೇಶನ್ನನ್ನು ನಿಗದಿತ ವರ್ಕ್‌ಸ್ಪೇಸ್‌ಗೆ (ವರ್ಚುವಲ್ ಡೆಸ್ಕ್‌ಟಾಪ್‌ಗೆ) ಕಳಿಸುತ್ತದೆ, ಅಷ್ಟೆ.

ರೂಲ್ ಬೇಡ, ಪರದೆ ಭಾಗವಾದರೆ ಸಾಕು ಎನ್ನುವ ಪ್ಲಾಸ್ಮಾ ಬಳಕೆದಾರರು ಮೆಟಾ (ವಿಂಡೋಸ್ ಲೋಗೊ ಇರುವ ಕೀ) ಮತ್ತು ಟಿ ಒತ್ತಿ ಪರದೆಯನ್ನು ಟೈಲ್‌ಗಳಾಗಿ ಭಾಗ ಮಾಡಿಕೊಳ್ಳಿ. 2023ರ ಪ್ಲಾಸ್ಮಾ 5.27ರಿಂದ ಇದು ಇದೆ. ಶಿಫ್ಟ್ ಹಿಡಿದು ಎಳೆದರೆ ವಿಂಡೊ ಟೈಲಿನೊಳಗೆ ಕೂರುತ್ತದೆ.

ಹಂತ 5: ರೂಲ್ ಬರೆದವರು ಕೊನೆಗೆ 'ಅಪ್ಲೈ' ಒತ್ತಿ, ವಿಂಡೊ ಮುಚ್ಚಿ ಮತ್ತೆ ತೆರೆಯಿರಿ. ಎಡವಟ್ಟಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ 'ವಿಂಡೊ ರೂಲ್ಸ್' ಪಟ್ಟಿಗೆ ಹೋಗಿ ಆ ಒಂದು ರೂಲ್ ಅಳಿಸಿ.